ತುಕ್ಕು ಕೆರೆದು ಎಬ್ಬಿಸಿದ ಶೆವ್ರೊಲೆ

ಅಮೆರಿಕದ ಮಿಸೌರಿ, ಕಾನ್ಸಸ್, ಟೆಕ್ಸಸ್ ಕಡೆಯ ಹಳ್ಳಿ ರಸ್ತೆಗಳಲ್ಲಿ ಹಳೆಯ ಪಿಕಪ್ ಗಾಡಿ ಕಣ್ಣಿಗೆ ಬೀಳಲು ಬಹಳ ಹುಡುಕಬೇಕಿಲ್ಲ. ಕೊಟ್ಟಿಗೆಯ ಹಿಂದೆಯೋ ಹೊಲದಂಚಿನ ಮರದ ಕೆಳಗೋ ನಿಂತಿರುತ್ತದೆ. ಟೈರಿನ ಗಾಳಿ ಹೋಗಿ ದಶಕಗಳಾಗಿರುತ್ತವೆ. ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿರುತ್ತದೆ. ಅಜ್ಜ ಓಡಿಸಿದ್ದು ಎಂದು ಮನೆಯವರು ಮಾರದೆ ಉಳಿಸಿಕೊಂಡಿರುತ್ತಾರೆ. ಇಂಥ ಗಾಡಿಯನ್ನು ಕೊಂಡು, ಮನೆಗೆ ಎಳೆದು ತಂದು, ಬಿಚ್ಚಿ, ತುಕ್ಕು ಕೆರೆದು ಮತ್ತೆ ರಸ್ತೆಗಿಳಿಸುವ ಹವ್ಯಾಸ ಅಲ್ಲಿ ಆಳವಾಗಿ ಬೇರೂರಿದೆ. ಹಳೆಯ ರೋಲ್ಸ್‌ರಾಯ್ಸ್ ಸಾಕುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಇದು ಸಂಬಳದ ಜನರ, ರೈತರ, ನಿವೃತ್ತರ ಹವ್ಯಾಸ. ಕೆಲಸವೂ ಬಹುಪಾಲು ಅವರವರ ಮನೆಯ ಶೆಡ್ಡಿನಲ್ಲೇ ನಡೆಯುತ್ತದೆ.

ಪಿಕಪ್ ಹುಟ್ಟಿದ್ದೇ ರೈತನ ಅಗತ್ಯಕ್ಕೆ. ಕಾರಿನ ಹಿಂಭಾಗ ಕಿತ್ತು ಮರದ ಪೆಟ್ಟಿಗೆ ಬಡಿದುಕೊಂಡು ಹಾಲಿನ ಕ್ಯಾನು, ಮೇವು ಸಾಗಿಸುತ್ತಿದ್ದವರನ್ನು ನೋಡಿದ ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ತಾನೇ ಉಕ್ಕಿನ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿತು. ಆದರೆ ಹವ್ಯಾಸಿಗಳ ಮನಸ್ಸು ಹೆಚ್ಚಾಗಿ ನಿಂತಿರುವುದು ಎರಡನೇ ಮಹಾಯುದ್ಧದ ನಂತರದ ಗಾಡಿಗಳ ಮೇಲೆ. 1946ರ ಡಾಜ್ ಪವರ್ ವ್ಯಾಗನ್, 1948ರ ಫೋರ್ಡ್ ಎಫ್-1, 1953ರ ಎಫ್-100, ಇವಕ್ಕೆಲ್ಲ ತಮ್ಮದೇ ಭಕ್ತರಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು 1947ರ ಬೇಸಿಗೆಯಲ್ಲಿ ಬಂದ ಶೆವ್ರೊಲೆ 3100 ಕುರಿತು. ಯುದ್ಧ ಮುಗಿದ ಮೇಲೆ ಶೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಪೂರ್ತಿ ಹೊಸದಾಗಿ ರೂಪಿಸಿದ ಮೊದಲ ಗಾಡಿ ಇದರ ಪೀಳಿಗೆಯದು. 1955ರ ಆರಂಭದವರೆಗೂ ಅದೇ ಆಕಾರದಲ್ಲಿ ಬಂತು. ಅಷ್ಟೂ ವರ್ಷ ಆ ದೇಶದಲ್ಲಿ ಹೆಚ್ಚು ಮಾರಾಟವಾದ ಟ್ರಕ್ಕುಗಳು ಶೆವ್ರೊಲೆಯವೇ.

ನೋಡಲು ದುಂಡನೆಯ ಗಾಡಿ. ಉಬ್ಬಿದ ಮಡ್‌ಗಾರ್ಡು, ಮುಂದೆ ಅಡ್ಡಡ್ಡ ಐದು ಪಟ್ಟಿಯ ಗ್ರಿಲ್, ನಡುವೆ ಸೀಳಿದ ಎರಡು ತುಂಡಿನ ಮುಂಗಾಜು. ಕೆಲವು ಕ್ಯಾಬಿನ್ನುಗಳ ಹಿಂದಿನ ಮೂಲೆಗಳಲ್ಲಿ ಬಾಗಿದ ಕಿಟಕಿಗಳಿರುತ್ತವೆ. ಇಂಥ ಐದು ಕಿಟಕಿಯ ಗಾಡಿಗೆ ಬೆಲೆ ಹೆಚ್ಚು. ಪಳಗಿದವರು ದೂರದಿಂದಲೇ ವರ್ಷ ಹೇಳುತ್ತಾರೆ. ಬಾಗಿಲಿನ ಗಾಜಿನ ಮುಂದೆ ತಿರುಗಿಸುವ ಪುಟ್ಟ ಗಾಳಿಕಿಟಕಿ ಇದ್ದರೆ ಅದು 1951 ಅಥವಾ ಆಮೇಲಿನದು. ಮುಂಗಾಜು ಒಂದೇ ತುಂಡಾಗಿದ್ದು ಗ್ರಿಲ್ ಬದಲಾಗಿದ್ದರೆ 1954 ಅಥವಾ 1955ರ ಆರಂಭದ ಮಾದರಿ.

ಈ ಗಾಡಿ ಹವ್ಯಾಸಿಗಳ ಕೈಹಿಡಿದದ್ದಕ್ಕೆ ಅಂದಕ್ಕಿಂತ ದೊಡ್ಡ ಕಾರಣ ಅದನ್ನು ಕಟ್ಟಿದ ರೀತಿ. ಕೆಳಗೆ ಏಣಿಯಂಥ ಉಕ್ಕಿನ ಛಾಸಿ. ಅದರ ಮೇಲೆ ಕ್ಯಾಬಿನ್, ಮಡ್‌ಗಾರ್ಡು, ಫುಟ್‌ಬೋರ್ಡು, ಹಿಂದಿನ ಪೆಟ್ಟಿಗೆ ಎಲ್ಲವೂ ಬೇರೆ ಬೇರೆಯಾಗಿ ಬೋಲ್ಟು ಹಾಕಿ ಕೂರಿಸಿದವು. ಇಬ್ಬರು ಮೂವರು ಗೆಳೆಯರು ಸೇರಿದರೆ ಒಂದು ಶನಿವಾರದಲ್ಲಿ ಹಿಂದಿನ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಡಬಹುದು. ಬಾನೆಟ್ ಎತ್ತಿದರೆ ಉದ್ದನೆಯ ಆರು ಸಿಲಿಂಡರಿನ ಎಂಜಿನ್, ಅದರ ಎರಡೂ ಬದಿಗೆ ಧಾರಾಳ ಜಾಗ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಡೈನಮೊ ಎಲ್ಲವೂ ಕಣ್ಣೆದುರಿಗೇ ಇವೆ, ಎಲ್ಲದಕ್ಕೂ ಸ್ಪ್ಯಾನರ್ ಹೋಗುತ್ತದೆ. ಪೇಟೆಯಿಂದ ಮೈಲುಗಟ್ಟಲೆ ದೂರದ ರೈತ ತಾನೇ ರಿಪೇರಿ ಮಾಡಿಕೊಳ್ಳಬೇಕಿದ್ದ ಕಾಲದ ಗಾಡಿ ಇದು. ಹಾಗೆ ಕಟ್ಟಿದ್ದರಿಂದಲೇ ಎಪ್ಪತ್ತು ವರ್ಷ ದಾಟಿದರೂ ಮತ್ತೊಬ್ಬನ ಕೈಗೆ ಸಲೀಸಾಗಿ ಒಗ್ಗುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ತಗಡು. ಎಂಜಿನ್ ಆಮೇಲೆ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳ ಒಳಗೆ ಧೂಳು, ಹುಲ್ಲುಕಡ್ಡಿ ಸೇರಿ ನೀರು ಹೀರಿ ಕೂರುತ್ತವೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬಂದು ಹೊರಗೆ ಕಾಣುವಷ್ಟರಲ್ಲಿ ಮೂಲೆ ಹೋಗಿರುತ್ತದೆ. ಅನುಭವಸ್ಥರ ಜೇಬಿನಲ್ಲಿ ಒಂದು ಅಯಸ್ಕಾಂತವಿರುತ್ತದೆ. ಬಣ್ಣ ಎಷ್ಟೇ ಹೊಳೆಯಲಿ, ಅಯಸ್ಕಾಂತ ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆಂದು ಅರ್ಥ. ಆಮೇಲೆ ಬಾಗಿಲ ಕೆಳಗಿನ ಅಂಚು, ಫುಟ್‌ಬೋರ್ಡು, ಕಾಲಿಡುವ ನೆಲ. ಈ ಗಾಡಿಯ ಬ್ಯಾಟರಿ ಇರುವುದು ಪಕ್ಕದ ಸೀಟಿನವನ ಕಾಲಡಿಯ ನೆಲದ ಕೆಳಗೆ. ವರ್ಷಾನುಗಟ್ಟಲೆ ಆಸಿಡ್ ಸುರಿದು ಅಲ್ಲಿನ ಛಾಸಿಯೇ ಸವೆದಿರಬಹುದು. ಮಂಡಿಯೂರಿ, ಟಾರ್ಚ್ ಹಿಡಿದು, ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡದೆ ಯಾರೂ ದುಡ್ಡು ಕೊಡಬಾರದು.

ಗಾಡಿ ಎಲ್ಲಿಂದ ಬಂತು ಎಂಬುದೂ ಮುಖ್ಯ. ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಗಾಡಿಯ ಹೊಟ್ಟೆಯನ್ನೇ ತಿನ್ನುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೊದ ಒಣನೆಲದ ಗಾಡಿಗಳಲ್ಲಿ ಮೇಲ್ಮೈ ಕೆಂಪಾಗಿದ್ದರೂ ತಗಡು ಗಟ್ಟಿಯಿರುತ್ತದೆ. ರಬ್ಬರು, ಸೀಟು ಮಾತ್ರ ಬಿಸಿಲಿಗೆ ಪುಡಿಪುಡಿ. ಇನ್ನು ಕಾಗದಪತ್ರ. ನಮ್ಮ ಆರ್‌ಸಿಯಂತೆ ಅಲ್ಲಿ ಟೈಟಲ್. ಅದು ಕಳೆದುಹೋದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಹೆಸರಿಗೆ ಮಾಡಿಸಿಕೊಳ್ಳುವಾಗ ಅಲೆದಾಟ ತಪ್ಪಿದ್ದಲ್ಲ.

ಮನೆಗೆ ತಂದ ಕೂಡಲೇ ಕೀಲಿ ತಿರುಗಿಸುವ ಆಸೆಯನ್ನು ತಡೆದುಕೊಳ್ಳಬೇಕು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಬೋರಿಗೆ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಮುರಿಯುತ್ತವೆ. ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ತೆಳುವಾದ ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಲು ಬಿಡುತ್ತಾರೆ. ಆಮೇಲೆ ಕೈಯಿಂದಲೇ ಎಂಜಿನ್ನನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಅಲುಗಿಸುತ್ತಾರೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ನಾರುತ್ತಿರುತ್ತದೆ. 1949ರಿಂದ ಈಚಿನ ಗಾಡಿಗಳಲ್ಲಿ ಟ್ಯಾಂಕು ಸೀಟಿನ ಬೆನ್ನ ಹಿಂದೆಯೇ ಇರುವುದರಿಂದ ಆ ವಾಸನೆ ಕ್ಯಾಬಿನ್ ತುಂಬ. ಅದನ್ನು ಇಳಿಸಿ ತೊಳೆಯದೆ ಮುಂದೆ ಹೋಗುವಂತಿಲ್ಲ. ಇದೆಲ್ಲಕ್ಕೂ ಮುಂಚೆ ಬ್ರೇಕು. ಇದರ ಬ್ರೇಕಿಗೆ ಒಂದೇ ಎಣ್ಣೆ ಮಾರ್ಗ. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಓಡುವ ಗಾಡಿಗಿಂತ ನಿಲ್ಲುವ ಗಾಡಿಯನ್ನು ಮೊದಲು ಮಾಡಿಕೊಳ್ಳುವವನೇ ಜಾಣ.

ಎಂಜಿನ್ನಿನ ಒಳಗೊಂದು ಸೋಜಿಗವಿದೆ. 1953ರವರೆಗೆ ಈ ಪಿಕಪ್‌ಗಳಿಗೆ ಹಾಕುತ್ತಿದ್ದದ್ದು 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಎಂಜಿನ್. ಅದರ ಕನೆಕ್ಟಿಂಗ್ ರಾಡುಗಳಿಗೆ ಪಂಪು ಒತ್ತಡದಿಂದ ಎಣ್ಣೆ ಕಳಿಸುವುದಿಲ್ಲ. ಪ್ರತಿ ರಾಡಿನ ಬುಡದಲ್ಲಿ ಒಂದು ಪುಟ್ಟ ಸೌಟು. ಕ್ರ್ಯಾಂಕು ಸುತ್ತುವಾಗಲೆಲ್ಲ ಆ ಸೌಟು ಕೆಳಗಿನ ತೊಟ್ಟಿಯಿಂದ ಎಣ್ಣೆ ಮೊಗೆದುಕೊಳ್ಳುತ್ತದೆ. ಬೇರಿಂಗೂ ಇಂದಿನಂತೆ ಅಂಗಡಿಯಲ್ಲಿ ಸಿಗುವ ತುಂಡಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ಎರೆದು, ಕೊರೆದು ಹದ ಮಾಡಿದ್ದು. ಅದು ಸವೆದರೆ ಹೊಸದಾಗಿ ಎರೆಯಬಲ್ಲ ಕುಶಲಿಗಳು ಈಗ ವಿರಳ. ಹಾಗಾಗಿ ಎಷ್ಟೋ ಮಂದಿ ಅದೇ ಜಾಗದಲ್ಲಿ ಹೆಚ್ಚು ತಕರಾರಿಲ್ಲದೆ ಕೂರುವ 235ರ ಎಂಜಿನ್ ಹಾಕಿಕೊಳ್ಳುತ್ತಾರೆ. ಅದು ಶೆವ್ರೊಲೆಯದೇ, ಪೂರ್ತಿ ಒತ್ತಡದ ಎಣ್ಣೆ ವ್ಯವಸ್ಥೆ ಇರುವಂಥದ್ದು. ಇದನ್ನು ನಾನು ತಪ್ಪೆನ್ನಲಾರೆ. 1954ರಲ್ಲಿ ಕಂಪನಿಯೇ ಮಾಡಿದ ಬದಲಾವಣೆ ಅದು.

ಗಾಡಿಯ ವಿದ್ಯುತ್ತು 6 ವೋಲ್ಟಿನದು. ಸ್ಟಾರ್ಟರ್ ನರಳುತ್ತದೆ ಎಂದು ಹಲವರು 12 ವೋಲ್ಟಿಗೆ ಬದಲಿಸುತ್ತಾರೆ. ಎಷ್ಟೋ ಸಲ ತಪ್ಪು ಬ್ಯಾಟರಿಯದ್ದಲ್ಲ, ನಡುವೆ ಯಾರೋ ಹಾಕಿದ ತೆಳು ಕೇಬಲ್ಲಿನದು. ವೋಲ್ಟೇಜು ಅರ್ಧವಾದರೆ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟು ಹರಿಯಬೇಕು. ಅದಕ್ಕೆ ದಪ್ಪ ತಂತಿಯೇ ಬೇಕು. ತಂತಿ ಬದಲಿಸಿ, ಕನೆಕ್ಷನ್ನುಗಳ ತುಕ್ಕು ಉಜ್ಜಿದರೆ ಹಳೆಯ ವ್ಯವಸ್ಥೆಯೇ ಚೆನ್ನಾಗಿ ಎದ್ದು ಕೂರುತ್ತದೆ.

ಹವ್ಯಾಸಿಗಳು ಅತಿ ಪ್ರೀತಿಯಿಂದ ಮಾಡುವ ಕೆಲಸ ಹಿಂದಿನ ಪೆಟ್ಟಿಗೆಯ ಮರದ ನೆಲ. ಉದ್ದುದ್ದ ಹಲಗೆಗಳು, ಎರಡು ಹಲಗೆಗಳ ಸಂದಿಗೆ ಒಂದೊಂದು ಉಕ್ಕಿನ ಪಟ್ಟಿ, ಪಟ್ಟಿಯುದ್ದಕ್ಕೂ ಬೋಲ್ಟು. ಒಂದು ಹಲಗೆ ಕೊಳೆತರೆ ಅದನ್ನಷ್ಟೇ ಬದಲಿಸಬಹುದು. ಇಂದು ಓಕ್ ಮರ ತಂದು, ಉಜ್ಜಿ, ಪದರ ಪದರವಾಗಿ ವಾರ್ನಿಷ್ ಬಳಿದು ಕನ್ನಡಿಯಂತೆ ಹೊಳೆಯಿಸುತ್ತಾರೆ. ಪ್ರದರ್ಶನಗಳಲ್ಲಿ ಜನ ಮುಗಿಬಿದ್ದು ಫೋಟೊ ತೆಗೆಯುವುದು ಅದರದ್ದೇ. ಆದರೆ ಕಾರ್ಖಾನೆ ಹಾಕುತ್ತಿದ್ದದ್ದು ಸಾಧಾರಣ ಪೈನ್ ಹಲಗೆ, ಅದಕ್ಕೂ ಬಣ್ಣ ಬಳಿದು. ಹೊಳೆಯುವ ನೆಲದ ಮೇಲೆ ಗೊಬ್ಬರದ ಮೂಟೆ ಎಸೆಯಲು ಯಾರಿಗೆ ಮನಸ್ಸು ಬಂದೀತು? ಮೂಟೆ ಹೇರಲಾಗದ ಪಿಕಪ್ ನನ್ನ ಕಣ್ಣಿಗೆ ಅರ್ಧ ಮಾತ್ರ ರಿಪೇರಿಯಾದ ಗಾಡಿ.

ಈ ವಿಷಯದಲ್ಲಿ ಹವ್ಯಾಸಿಗಳ ನಡುವೆ ಜಗಳವೇ ಇದೆ. ಒಂದು ಪಂಗಡ ಪ್ರತಿ ಸ್ಕ್ರೂ ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆನ್ನುತ್ತದೆ. ಇನ್ನೊಂದು ಪಂಗಡ ಹಳೆಯ ತಗಡಿನ ಕೆಳಗೆ ಹೊಸ ವಿ-8 ಎಂಜಿನ್, ಎಸಿ, ಪವರ್ ಸ್ಟೀರಿಂಗ್ ಕೂರಿಸುತ್ತದೆ. ಮೂರನೆಯವರು ಬಣ್ಣವನ್ನೇ ಮುಟ್ಟುವುದಿಲ್ಲ. ಬಾಗಿಲ ಮೇಲೆ ಮಾಸಿದ ಅಂಗಡಿಯ ಹೆಸರು, ಸವೆದ ಫುಟ್‌ಬೋರ್ಡು, ಉಜ್ಜಿ ಉಜ್ಜಿ ಕಬ್ಬಿಣ ಕಂಡ ಕಿಟಕಿಯಂಚು ಹಾಗೇ ಇರಲಿ, ಎಂಜಿನ್, ಬ್ರೇಕು, ವಯರಿಂಗ್ ಮಾತ್ರ ಸರಿಯಾಗಲಿ ಎನ್ನುತ್ತಾರೆ. ನನ್ನ ಮತ ಈ ಮೂರನೆಯವರಿಗೆ. ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಒಂದು ಸಂಸಾರ ನಲವತ್ತು ವರ್ಷ ದುಡಿಸಿದ ಗುರುತನ್ನು ಮತ್ತೆ ತರಲಾಗದು.

ಮೂಲದ ಚಕ್ರ, ಗೇರುಗಳ ಅನುಪಾತ ಹಾಗೇ ಉಳಿಸಿಕೊಂಡರೆ ಈ ಗಾಡಿಗೆ ಗಂಟೆಗೆ ಎಂಬತ್ತು ಕಿಲೋಮೀಟರೇ ಹೆಚ್ಚು. ಹೆದ್ದಾರಿಯ ಆಸೆ ಬಿಟ್ಟು ಹಳ್ಳಿ ರಸ್ತೆ ಹಿಡಿಯಬೇಕು. ಲಾಭದ ಲೆಕ್ಕವನ್ನೂ ಬಿಡಬೇಕು. ಚೆನ್ನಾಗಿ ಮಾಡಿದ ಗಾಡಿಗೆ ಸುರಿದ ಹಣ ಮಾರಿದಾಗ ಹಿಂದಿರುಗುವುದು ಅಪರೂಪ.

ಈ ಹವ್ಯಾಸಕ್ಕೆ ಬೆನ್ನೆಲುಬಾಗಿರುವುದು ಬಿಡಿಭಾಗಗಳ ವ್ಯವಸ್ಥೆ. ಕ್ಯಾಬಿನ್ನಿನ ಮೂಲೆಯ ತಗಡು, ಬಾಗಿಲ ರಬ್ಬರು, ಗ್ರಿಲ್, ಹಿಂಬದಿಯ ಪೆಟ್ಟಿಗೆ ಪೂರ್ತಿಯಾಗಿ, ಎಲ್ಲವನ್ನೂ ಹಳೆಯ ಅಳತೆಗೆ ಹೊಸದಾಗಿ ಮಾಡಿ ಕ್ಯಾಟಲಾಗ್ ಮೂಲಕ ಮಾರುವ ಕಂಪನಿಗಳಿವೆ. ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಹಳೆ ವಾಹನಗಳ ಬಿಡಿಭಾಗಗಳ ದೊಡ್ಡ ಸಂತೆ ನೆರೆಯುತ್ತದೆ. 1971ರಲ್ಲಿ ಶುರುವಾದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ ಟ್ರಕ್ಕುಗಳ ಚರಿತ್ರೆಯನ್ನೇ ಕಾಪಿಡುತ್ತಿದೆ.

ಶೆವ್ರೊಲೆ ಹೆಸರು ನಮಗೂ ಹೊಸದಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈಯಲ್ಲಿ ಜೋಡಣಾ ಕಾರ್ಖಾನೆ ತೆರೆದು 1954ರಲ್ಲಿ ಮುಚ್ಚಿತು. ಟಾಟಾ-ಮರ್ಸಿಡಿಸ್ ಲಾರಿ ಬಂದದ್ದೂ ಅದೇ 1954ರಲ್ಲಿ. ಆಮೇಲೆ ಹಳೆಯ ಶೆವ್ರೊಲೆ, ಫಾರ್ಗೊ, ಡಾಜ್‌ಗಳು ಒಂದೊಂದಾಗಿ ಗುಜರಿ ಸೇರಿದವು. ಬಿಡಿಭಾಗ ಮಾಡುವವರಿಲ್ಲ, ದಾಖಲೆ ಇಟ್ಟವರು ಕಡಿಮೆ. ನಮ್ಮಲ್ಲಿ ಇನ್ನೂ ಉಳಿದಿರುವುದು ಮಲೆನಾಡು, ಕೊಡಗಿನ ಎಸ್ಟೇಟುಗಳ ಹಳೆಯ ಜೀಪುಗಳು. ಅವುಗಳ ಮೈಯೂ ಹೀಗೇ ಛಾಸಿಯ ಮೇಲೆ ಬೋಲ್ಟು ಹಾಕಿ ಕೂರಿಸಿದ್ದು.

ನಿಮ್ಮ ಮನೆಯ ಹಿತ್ತಿಲಲ್ಲೋ ನೆಂಟರ ತೋಟದಲ್ಲೋ ಅಂಥದ್ದೊಂದು ನಿಂತಿದ್ದರೆ ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಮೊದಲು ಮೇಲೊಂದು ಶೀಟು ಹೊದಿಸಿ, ಆರ್‌ಸಿ ಎಲ್ಲಿದೆಯೆಂದು ಹುಡುಕಿ, ಅದನ್ನು ರಿಪೇರಿ ಮಾಡುತ್ತಿದ್ದ ಹಳೆಯ ಮೇಸ್ತ್ರಿ ಊರಲ್ಲಿದ್ದರೆ ಕರೆಸಿ ತೋರಿಸಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಸ್ವಂತ ಬಳಕೆಯ ಕಾರು, ಜೀಪುಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಲು 2021ರ ಕೇಂದ್ರ ನಿಯಮಗಳಲ್ಲಿ ಅವಕಾಶವಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅದನ್ನು ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿಗೆ ಒಯ್ಯಬಹುದು.