ಅದೇ ಹಾಡು, ಬೇರೆ ಸಿಡಿ

ಪ್ರಶ್ನೆ: ಒಂದೇ ಆಲ್ಬಂನ ಮರುಬಿಡುಗಡೆ ಸಿಡಿಗಳಲ್ಲಿ ಬೆಲೆಯೂ ನಾದವೂ ಬೇರೆ ಬೇರೆ ಯಾಕೆ?

ಉತ್ತರ: ಯಾವ ಟೇಪಿನಿಂದ ತೆಗೆದರು, ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಕೆಲಸ) ಯಾರದು ಎಂಬುದರ ಮೇಲೆ ನಾದ ನಿಂತಿದೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಆಲ್ಬಂ ನೋಡಿ. 1959ರ ಧ್ವನಿಮುದ್ರಣದಲ್ಲಿ ಮುಖ್ಯ ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ಹಾಗಾಗಿ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಮೊದಲ ಮೂರು ರಚನೆಗಳು ತುಸು ಏರಿದ ಶ್ರುತಿಯಲ್ಲೇ ಕೇಳುತ್ತಿದ್ದವು. ಜೊತೆಗಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಇದನ್ನು ಸರಿಪಡಿಸಿದ್ದು 1990ರ ದಶಕದಲ್ಲಿ. ಅದಕ್ಕೂ ಮುಂಚಿನ ಸಿಡಿ ಕೊಂಡವರಿಗೆ ಏರು ಶ್ರುತಿಯೇ ಗತಿ! ಇನ್ನು ಕೆಲವು ಮರುಬಿಡುಗಡೆಗಳಲ್ಲಿ ಸದ್ದು ಜೋರಾಗಲೆಂದು ಮೆಲುದನಿ, ಏರುದನಿಗಳ ಅಂತರವನ್ನೇ ಹಿಂಡಿಬಿಡುತ್ತಾರೆ. ಕಿವಿ ಬೇಗ ದಣಿಯುತ್ತದೆ. ಬೆಲೆಯದು ಬೇರೆ ಲೆಕ್ಕ: ಹಕ್ಕಿನ ಹಣ, ಪುಸ್ತಿಕೆ, ಪ್ರತಿಗಳ ಕೊರತೆ. ಚಿನ್ನದ ಲೇಪದ ಸಿಡಿಗೆ ದುಡ್ಡು ಸುರಿಯುವವರೂ ಇದ್ದಾರೆ. ಒಳಗಿನ ಅಂಕಿಗಳು ಅವೇ ಆಗಿದ್ದರೆ ಚಿನ್ನದಿಂದ ನಾದವೇನೂ ಬದಲಾಗದು. ಮಾಸ್ಟರಿಂಗ್ ಮಾಡಿದವರ ಹೆಸರು, ವರ್ಷ ನೋಡಿಯೇ ಕೊಳ್ಳಿ.