ಕಾಲಿಗೆ ತಕ್ಕ ಚಕ್ರಪಾದುಕೆ

ವಧೂವರರ ಜೋಡಿಯು ಚೆನ್ನಾಗಿ ಹೊಂದಿಕೊಂಡರೆ ನಮ್ಮ ಹಿರಿಯರು "ಹೇಳಿ ಮಾಡಿಸಿದ ಹಾಗಿದೆ" ಎಂದು ಸಂತೋಷಪಡುವರು. ವಾಚಕರು ಈ ನುಡಿಯನ್ನು ಸ್ವಲ್ಪ ಲಕ್ಷ್ಯವಿಟ್ಟು ನೋಡಬೇಕು. ಹಿರಿಯರು "ಹೇಳಿ ಮಾಡಿಸಿದ್ದು" ಎನ್ನುವುದಿಲ್ಲ. "ಹೇಳಿ ಮಾಡಿಸಿದ ಹಾಗಿದೆ" ಎನ್ನುತ್ತಾರೆ. ಹೇಳಿ ಮಾಡಿಸಿದರೂ ಹೊಂದದೆ ಹೋಗಬಹುದು. ಹೇಳದೆ ದೊರೆತದ್ದೂ ಹೊಂದಬಹುದು. ಈ ಅಲ್ಪಭೇದದ ಅರ್ಥವು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ವ್ಯಾಕರಣವನ್ನು ಬೋಧಿಸಿದ ನಮಗೆ ತಿಳಿದದ್ದು, ಅರುವತ್ತನೆಯ ವಯಸ್ಸಿನಲ್ಲಿ, ಒಂದು ಜೊತೆ ಗಾಲಿಬೂಟಿನ ದೆಸೆಯಿಂದ.

ನಮ್ಮ ವಾಸವು ಬೆಂಗಳೂರಿನ ಬನಶಂಕರಿ ಎರಡನೆಯ ಹಂತದಲ್ಲಿ. ಜಯನಗರ, ಜೆ. ಪಿ. ನಗರಗಳೂ ಸೇರಿದ ಈ ದಕ್ಷಿಣದ ಸೀಮೆಯಲ್ಲಿ ಸಂಜೆಯಾಯಿತೆಂದರೆ ಹೆಗಲಿಗೆ ಸ್ಕೇಟುಗಳನ್ನು ನೇತುಹಾಕಿಕೊಂಡು ಅಂಕಣದ ಕಡೆಗೆ ಓಡುವ ಮಕ್ಕಳು ಕಾಣಸಿಗುವರು. ಒಂಬತ್ತು ವರ್ಷದ ನಮ್ಮ ಮೊಮ್ಮಗಳು ಅವರಲ್ಲೊಬ್ಬಳು. ಅವಳು ಕಲಿಯುತ್ತಿರುವುದು ಬರಿಯ ಓಟವಲ್ಲ, ಗಾಲಿಯ ಮೇಲೆ ನಿಂತು ಆಡುವ ಹಾಕಿ. ಆ ಬೂಟಿಗೆ ನಾವು "ಚಕ್ರಪಾದುಕೆ" ಎಂದು ನಾಮಕರಣ ಮಾಡಿದೆವು. ಅವಳು ಬಿದ್ದು ಬಿದ್ದು ನಕ್ಕು, ತನ್ನ ಗೆಳತಿಯರಿಗೆಲ್ಲ ಆ ಹೆಸರನ್ನು ಹೇಳಿಕೊಟ್ಟಳು.

ಕಳೆದ ವರ್ಷ ಯುಗಾದಿಗೆ ನಾವೇ ಅವಳನ್ನು ಜಯನಗರದ ನಾಲ್ಕನೆಯ ಬ್ಲಾಕಿಗೆ ಕರೆದುಕೊಂಡು ಹೋಗಿ ಪಿಂಚಣಿಯ ಹಣದಲ್ಲಿ ಒಂದು ಜೊತೆ ಕೊಡಿಸಿದೆವು. ಅಂಗಡಿಯವರು, "ಸ್ವಾಮಿ, ಮಗುವಿಗೆ ಇದು ದೊಡ್ಡದಾಯಿತು" ಎಂದರು. "ಬೆಳೆಯುವ ಮಕ್ಕಳು; ಎರಡು ಅಳತೆ ದೊಡ್ಡದೇ ಇರಲಿ" ಎಂದು ನಾವು ಗಟ್ಟಿಯಾಗಿ ಹೇಳಿದೆವು. ಶಾಲೆಯ ಸಮವಸ್ತ್ರವನ್ನು ಹಾಗೆಯೇ ಹೊಲಿಸಿದವರು ನಾವು; ಬೂಟಿಗೆ ಬೇರೆ ನ್ಯಾಯವುಂಟೆಂದು ತೋರಲಿಲ್ಲ.

ಎರಡು ತಿಂಗಳ ಮೇಲೆ ಒಂದು ದಿನ ನಮ್ಮ ಮನೆಯವರು ಒಗೆಯುವ ಬಟ್ಟೆಯೊಳಗಿಂದ ಒಂದು ಪುಟ್ಟ ಕಾಲುಚೀಲವನ್ನು ತಂದು ನಮ್ಮ ಮುಂದೆ ಹಿಡಿದರು. ಹಿಮ್ಮಡಿಯ ಭಾಗದಲ್ಲಿ ರಕ್ತದ ಕಲೆ. ವಿಚಾರಿಸಲಾಗಿ, ಮಗುವು ಬೂಟಿನ ತುದಿಗೆ ಹತ್ತಿಯನ್ನು ತುರುಕಿಕೊಂಡು, ಎರಡೆರಡು ಕಾಲುಚೀಲಗಳನ್ನು ಹಾಕಿಕೊಂಡು, ಗುಳ್ಳೆಯೆದ್ದ ಕಾಲಿನಲ್ಲಿಯೇ ಆಡುತ್ತಿದ್ದಳೆಂದು ತಿಳಿಯಿತು. ಆ ವಾರದಲ್ಲಿಯೇ ತಿರುವಿನಲ್ಲಿ ಕಾಲು ಹೊರಳಿ ಬಿದ್ದು ಮಣಿಕಟ್ಟನ್ನು ಉಳುಕಿಸಿಕೊಂಡಿದ್ದಳು. "ಏಕೆ ಹೇಳಲಿಲ್ಲ ಪುಟ್ಟಿ?" ಎಂದು ಕೇಳಿದೆವು. "ನೀವು ಆಸೆಪಟ್ಟು ಕೊಡಿಸಿದ್ದು ತಾತ, ಸರಿಯಿಲ್ಲ ಅಂತ ಹೇಗೆ ಹೇಳಲಿ?" ಎಂದಳು.

ಆ ಮಾತಿನ ನೋವು ನಮ್ಮಲ್ಲಿ ಬಹಳ ದಿನ ಉಳಿಯಿತು. ಪ್ರಾಯಶ್ಚಿತ್ತವಾಗಿ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳಬೇಕೆಂದು ಹೊರಟೆವು. ಅಂಕಣದಲ್ಲಿ ಕೇಳಿದರೆ ಎರಡು ಪಕ್ಷಗಳು. "ಕಾಲಿನ ಅಚ್ಚು ತೆಗೆಸಿ ಹೇಳಿ ಮಾಡಿಸಿರಿ, ಕಾಸು ಹೆಚ್ಚಾದರೂ ಸುಖ" ಎಂದು ಕೆಲವು ತಂದೆತಾಯಿಗಳು. "ಅಂಗಡಿಯ ಸಿದ್ಧ ಬೂಟೇ ಸಾಕು" ಎಂದು ಮತ್ತೆ ಕೆಲವರು. ಯಾವುದು ಸರಿ?

ಮೊದಲು ಪಾದುಕೆಯ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳುವೆವು. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬವನು ಮುಂದೆರಡು ಹಿಂದೆರಡು ಗಾಲಿಗಳನ್ನಿಟ್ಟು, ನಡುವೆ ರಬ್ಬರಿನ ಮೆತ್ತೆಯನ್ನು ಕೂಡಿಸಿ, ಮೈಯನ್ನು ವಾಲಿಸಿದರೆ ತಾನಾಗಿ ತಿರುಗುವ ಸ್ಕೇಟನ್ನು ಕಂಡುಹಿಡಿದನು. 1980ರ ಸುಮಾರಿಗೆ ಅಮೆರಿಕದ ಮಿನಸೋಟ ಪ್ರಾಂತದ ಓಲ್ಸನ್ ಸಹೋದರರು, ಮಂಜುಗಡ್ಡೆಯಿಲ್ಲದ ಋತುವಿನಲ್ಲಿಯೂ ಹಾಕಿಯ ಅಭ್ಯಾಸವು ತಪ್ಪದಿರಲೆಂದು, ಗಾಲಿಗಳು ಒಂದೇ ಸಾಲಿನಲ್ಲಿರುವ ಸ್ಕೇಟನ್ನು ಬಳಕೆಗೆ ತಂದರು. ಇಂದು ಎರಡು ಬಗೆಯ ಆಟಗಳುಂಟು: ಜೋಡಿಗಾಲಿಗಳ ಮೇಲೆ ಚೆಂಡಿನಿಂದ ಆಡುವುದು, ಸಾಲುಗಾಲಿಗಳ ಮೇಲೆ ಚಪ್ಪಟೆಯಾದ ಬಿಲ್ಲೆಯಿಂದ ಆಡುವುದು. ಮೊದಲನೆಯದನ್ನು 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಪ್ರದರ್ಶನದ ಆಟವಾಗಿ ಆಡಿಸಿದ್ದರು. ಇದೆಲ್ಲ ಹುಡುಗಾಟಿಕೆಯೆಂದು ಎಣಿಸುವ ಹಿರಿಯರಿಗೆ ಇನ್ನೊಂದು ಮಾತು: 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ 3,000 ಮೀಟರ್ ಸ್ಕೇಟಿಂಗ್ ರಿಲೇಯಲ್ಲಿ ನಮ್ಮ ದೇಶದ ಪುರುಷರ ತಂಡವೂ ಮಹಿಳೆಯರ ತಂಡವೂ ಕಂಚಿನ ಪದಕವನ್ನು ಗೆದ್ದವು.

ಹಾಕಿಯ ಆಟಗಾರನು ನೇರವಾಗಿ ಓಡಿದರೆ ಸಾಲದು. ಥಟ್ಟನೆ ನಿಲ್ಲಬೇಕು, ಹಿಂದಕ್ಕೆ ಜಾರಬೇಕು, ಎಡಬಲಕ್ಕೆ ಹೊರಳಬೇಕು. ಪಾದವು ತಿರುಗಿದ ಕ್ಷಣದಲ್ಲಿಯೇ ಗಾಲಿಯೂ ತಿರುಗಬೇಕಾದರೆ ಬೂಟು ಕಾಲನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಸಡಿಲವಾದ ಬೂಟಿನಲ್ಲಿ ಕಾಲು ಮೊದಲು ಒಳಗೆ ಜಾರುವುದು, ಗಾಲಿಯು ಆಮೇಲೆ ತಿರುಗುವುದು. ಈ ಅಂತರದಲ್ಲಿಯೇ ಮಗು ಬೀಳುವುದು. ಹಿಮ್ಮಡಿಯು ಪ್ರತಿ ಹೆಜ್ಜೆಗೂ ಮೇಲೆದ್ದು ಉಜ್ಜುವುದರಿಂದ ಗುಳ್ಳೆಯೇಳುವುದು.

ನಮ್ಮ ಬಾಲ್ಯದಲ್ಲಿ ಊರಿನ ಚಮ್ಮಾರರು ಹಳೆಯ ಕಾಗದದ ಮೇಲೆ ನಮ್ಮ ಪಾದವನ್ನಿಡಿಸಿ ಸುತ್ತಲೂ ಗೆರೆಯೆಳೆದುಕೊಂಡು ಚಪ್ಪಲಿಯನ್ನು ಹೊಲಿದುಕೊಡುತ್ತಿದ್ದರು. ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆ ಕೈಯಿಂದಲೇ ಚಪ್ಪಲಿ ಮಾಡುವ ಕುಶಲರು ಇಂದಿಗೂ ಇದ್ದಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ನಾಲ್ಕು ಜಿಲ್ಲೆಗಳೂ ಸೇರಿವೆ. ಆ ಚಪ್ಪಲಿಯು ಮೊದಲ ವಾರ ಕಚ್ಚಿದರೂ ಮುಂದೆ ಕಾಲಿಗೆ ಒಗ್ಗುತ್ತದೆ. ಏಕೆಂದರೆ ಅದು ಚರ್ಮ, ಕಾಲಿನ ಮಾತನ್ನು ಕೇಳುವ ಪದಾರ್ಥ. ಹಾಕಿಯ ಸ್ಕೇಟಿನ ಹೊರಕವಚವು ಗಡುಸಾದ ಕೃತಕ ವಸ್ತು. ಅದು ತಾನಾಗಿ ಬಗ್ಗುವುದು ಬಹಳ ಕಡಮೆ. "ಹಾಕಿಕೊಂಡು ಹಾಕಿಕೊಂಡು ಸರಿಹೋಗುತ್ತದೆ" ಎಂಬ ಚಪ್ಪಲಿಯ ನ್ಯಾಯವನ್ನು ಇದಕ್ಕೆ ಹಚ್ಚಬಾರದು.

ಇಲ್ಲಿ ನಮಗೊಂದು ಹಳೆಯ ಶಬ್ದವು ನೆನಪಿಗೆ ಬಂತು. ಪಾಣಿನಿಯ ಐದನೆಯ ಅಧ್ಯಾಯದಲ್ಲಿ "ಅನುಪದೀನಾ" ಎಂಬ ಪದವನ್ನು ಸಾಧಿಸುವ ಸೂತ್ರವೊಂದುಂಟು. ಪಾದದ ಪ್ರಮಾಣಕ್ಕೆ ಸರಿಯಾದ ಪಾದರಕ್ಷೆಯೆಂದು ಕಾಶಿಕಾವೃತ್ತಿಯು ಅದಕ್ಕೆ ಅರ್ಥವನ್ನು ಹೇಳುತ್ತದೆ. ಅಮರಕೋಶದಲ್ಲಿಯೂ ಈ ಶಬ್ದವು ಬಂದಿದೆ. ನಾವು ಅದನ್ನು ಎಷ್ಟು ಸಲ ಪಾಠ ಹೇಳಿದ್ದೆವೋ! ಆದರೆ ಅದರ ಲಕ್ಷಣವು ಪ್ರಮಾಣವೇ ಹೊರತು, ಮಾಡಿದವರು ಯಾರು, ಎಲ್ಲಿ ಕೊಂಡದ್ದು ಎಂಬುದಲ್ಲವೆಂದು ಈಗಲೇ ನಮಗೆ ಹೊಳೆದದ್ದು.

ಹಾಗಾದರೆ ಪ್ರಮಾಣವೆಂದರೇನು? ಇಂಗ್ಲಿಷ್ ಕ್ರಮದಲ್ಲಿ ಒಂದು ಅಳತೆಗೂ ಮುಂದಿನದಕ್ಕೂ ಅಂಗುಲದ ಮೂರನೆಯ ಒಂದು ಪಾಲು, ಎಂದರೆ ಸುಮಾರು 8.5 ಮಿಲಿಮೀಟರ್ ಅಂತರ. ನಾವು "ಎರಡೇ ಅಳತೆ" ಎಂದು ದೊಡ್ಡದನ್ನು ಕೊಂಡಾಗ ಮಗುವಿನ ಬೆರಳಿನ ಮುಂದೆ 17 ಮಿಲಿಮೀಟರ್ ಬಯಲನ್ನು ಬಿಟ್ಟಿದ್ದೆವು. ಮೇಲಾಗಿ ಈ ಅಂಕಿಯು ಉದ್ದವನ್ನು ಮಾತ್ರ ಹೇಳುವುದು. ಅಗಲದ ಮಾತೇ ಇಲ್ಲ. ನಮ್ಮವರಿಗೆ ತೊಡಕು ಇರುವುದು ಅಗಲದಲ್ಲಿಯೇ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಯಂತ್ರದಿಂದ ಅಳೆದು ನೋಡಿದರು. ಭಾರತೀಯರ ಪಾದವು ಐರೋಪ್ಯರ ಮತ್ತು ಅಮೆರಿಕದವರ ಪಾದಕ್ಕಿಂತ ಅಗಲವಾಗಿದೆಯೆಂದೂ, ಇಕ್ಕಟ್ಟನ್ನು ತಪ್ಪಿಸಿಕೊಳ್ಳಲು ಅನೇಕರು ಉದ್ದವಾದ ಬೂಟನ್ನು ಕೊಳ್ಳುತ್ತಾರೆಂದೂ ಅದರಿಂದ ಕಂಡುಬಂತು. ಹೆಣ್ಣುಮಕ್ಕಳ ಪಾದದ ಬೆಳವಣಿಗೆಯು ಹನ್ನೊಂದನೆಯ ವಯಸ್ಸಿನ ಸುಮಾರಿಗೂ, ಗಂಡುಮಕ್ಕಳದು ಹದಿನೈದು ಹದಿನಾರರ ಸುಮಾರಿಗೂ ಮೇಲ್ಮಿತಿಯನ್ನು ಮುಟ್ಟುವುದೆಂದು ತಿಳಿಯಿತು. ಇದರ ಮೇಲೆ ನಮ್ಮ ದೇಶಕ್ಕೇ ಒಪ್ಪುವ "ಭಾ" ಎಂಬ ಹೊಸ ಅಳತೆಯ ಕ್ರಮವನ್ನು ಸೂಚಿಸಿದ್ದಾರೆ.

ಈ ಸಂಗತಿಗಳನ್ನಿಟ್ಟುಕೊಂಡು ಎರಡು ಪಕ್ಷಗಳನ್ನೂ ತೂಗೋಣ.

ಹೇಳಿ ಮಾಡಿಸುವ ಸ್ಕೇಟಿಗೆ ಪಾದದ ಪಡಿಯಚ್ಚನ್ನೋ ಯಂತ್ರದಿಂದ ತೆಗೆದ ಚಿತ್ರವನ್ನೋ ಆಧಾರವಾಗಿಟ್ಟು, ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಬೂಟನ್ನು ಕಟ್ಟುತ್ತಾರೆ. ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ವಿ. ಎಚ್. ಎಂಬ ಚಿಕ್ಕ ಕಾರ್ಖಾನೆಯು ಇಂತಹ ಸ್ಕೇಟುಗಳಿಂದಲೇ ಹೆಸರುವಾಸಿಯಾಗಿತ್ತು. 2016ರಲ್ಲಿ ಅದನ್ನು ಟ್ರೂ ಎಂಬ ಹೆಸರಿನಿಂದ ಹಾಕಿಯ ಸಲಕರಣೆಗಳನ್ನು ಮಾರುವ ದೊಡ್ಡ ಸಂಸ್ಥೆಯೊಂದು ಕೊಂಡುಕೊಂಡಿತು. ಪಾದವು ಬಹಳ ಅಗಲವಾದವರಿಗೆ, ಅಂಗಾಲು ಚಪ್ಪಟೆಯಾದವರಿಗೆ, ಹೆಬ್ಬೆರಳಿನ ಬುಡದಲ್ಲಿ ಮೂಳೆ ಚಾಚಿದವರಿಗೆ, ಎಡಬಲ ಪಾದಗಳಲ್ಲಿ ಎದ್ದು ಕಾಣುವ ಭೇದವಿದ್ದವರಿಗೆ ಇದರಿಂದ ನಿಜವಾದ ಸುಖವುಂಟು. ಆದರೆ ಬೆಲೆಯು ಸಿದ್ಧ ಬೂಟಿಗಿಂತ ಬಹಳ ಹೆಚ್ಚು, ವಾರಗಟ್ಟಲೆ ಕಾಯಬೇಕು, ಇನ್ನೊಬ್ಬರಿಗೆ ಕೊಡುವುದೂ ಕಷ್ಟ. ಎಲ್ಲಕ್ಕೂ ಮಿಗಿಲಾದ ದೋಷವೆಂದರೆ, ಬೆಳೆಯುವ ಪಾದಕ್ಕೆ ಇಂದು ಸರಿಯಾಗಿ ಕೂತ ಬೂಟು ಮುಂದಿನ ವರ್ಷಕ್ಕೆ ಇಕ್ಕಟ್ಟಾಗುವುದು. ಆದುದರಿಂದ ಪಾದದ ಬೆಳವಣಿಗೆಯು ನಿಂತವರು, ವಾರದಲ್ಲಿ ಹಲವು ದಿನ ಆಡುವವರು, ಮತ್ತು ಸಿದ್ಧ ಬೂಟುಗಳಲ್ಲಿ ಎರಡು ಮೂರು ಬಗೆಯನ್ನು ಹಾಕಿ ನೋಡಿಯೂ ನೋವು ಹೋಗದವರು ಮಾತ್ರ ಹೇಳಿ ಮಾಡಿಸತಕ್ಕದ್ದು.

ಉಳಿದವರಿಗೆ, ವಿಶೇಷವಾಗಿ ಮಕ್ಕಳಿಗೆ, ಸಿದ್ಧ ಬೂಟೇ ಲೇಸು. ಆದರೆ ಅದನ್ನು ಆರಿಸುವ ಕ್ರಮವುಂಟು. ಗೃಹಸ್ಥರು ಇದನ್ನು ಮನೆಯಲ್ಲಿಯೇ ಮಾಡಬಹುದು.

ಪಾದವು ಸಂಜೆಯ ವೇಳೆಗೆ ಸ್ವಲ್ಪ ಊದಿರುವುದರಿಂದ ಆ ಹೊತ್ತಿನಲ್ಲಿಯೇ ಅಳೆಯಬೇಕು. ಆಟಕ್ಕೆ ಹಾಕುವ ತೆಳುವಾದ ಕಾಲುಚೀಲವನ್ನು ಹಾಕಿಸಿ, ಗೋಡೆಗೆ ಹಿಮ್ಮಡಿಯನ್ನು ತಾಗಿಸಿ, ಕಾಗದದ ಮೇಲೆ ಮಗುವನ್ನು ಎರಡು ಕಾಲಿನ ಮೇಲೂ ಭಾರಬಿಟ್ಟು ನಿಲ್ಲಿಸಬೇಕು. ಸೀಸದ ಕಡ್ಡಿಯನ್ನು ನೆಟ್ಟಗೆ ಹಿಡಿದು ಅತಿ ಉದ್ದವಾದ ಬೆರಳಿನ ತುದಿಯನ್ನೂ ಪಾದದ ಅತಿ ಅಗಲವಾದ ಎರಡು ಪಕ್ಕಗಳನ್ನೂ ಗುರುತಿಸಬೇಕು. ಎರಡು ಪಾದಗಳನ್ನೂ ಅಳೆದು ದೊಡ್ಡದನ್ನೇ ಪ್ರಮಾಣವಾಗಿ ಹಿಡಿಯಬೇಕು. ನಮ್ಮ ಮೊಮ್ಮಗಳ ಎಡಗಾಲು 208 ಮಿಲಿಮೀಟರ್, ಬಲಗಾಲು 212 ಇದ್ದವು. ಈ ಚೀಟಿಯೊಡನೆ ಅಂಗಡಿಗೆ ಹೋಗಬೇಕು. ನಿತ್ಯದ ಬೂಟಿನ ಅಂಕಿಯನ್ನು ಹೇಳಿ ಸ್ಕೇಟನ್ನು ಕೊಳ್ಳಬಾರದು; ಹಾಕಿಯ ಸ್ಕೇಟಿನ ಅಂಕಿಯು ಅದಕ್ಕಿಂತ ಸಾಮಾನ್ಯವಾಗಿ ಒಂದು, ಒಂದೂವರೆ ಕಡಮೆ ಇರುವುದುಂಟು, ತಯಾರಕರಿಂದ ತಯಾರಕರಿಗೆ ಬದಲಾಗುವುದೂ ಉಂಟು.

ಬೂಟನ್ನು ಹಾಕಿಸಿದ ಮೇಲೆ ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸಿ ದಾರವನ್ನು ಕಟ್ಟಬೇಕು. ಬೆರಳುಗಳ ಹತ್ತಿರ ಸಡಿಲ, ಹರಡಿನ ಹತ್ತಿರ ಬಿಗಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂಭಾಗವನ್ನು ಹಗುರವಾಗಿ ಸೋಕಬೇಕು, ಮೊಣಕಾಲನ್ನು ಬಗ್ಗಿಸಿದಾಗ ಅದು ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿಯು ಮೇಲೇಳಬಾರದು. ದಾರವನ್ನು ಬಿಚ್ಚಿ, ಮೇಲಿನಿಂದ ಮೂರನೆಯ ರಂಧ್ರದ ಜೋಡಿಯ ಮೇಲೆ ಅಡ್ಡಲಾಗಿ ಒಂದು ಪೆನ್ಸಿಲನ್ನಿಡಿ. ಅದು ರಂಧ್ರಗಳ ಮೇಲೆ ಕೂರದೆ ಪಾದದ ಮೇಲ್ಭಾಗಕ್ಕೆ ತಗುಲಿ ನಿಂತರೆ ಆ ಬೂಟು ಆಳ ಸಾಲದು. ಹದಿನೈದು ನಿಮಿಷ ಹಾಕಿಕೊಂಡೇ ಇರಿಸಿ, ಬಿಚ್ಚಿ, ಚರ್ಮದ ಮೇಲೆ ಕೆಂಪು ಬಿದ್ದಿದೆಯೇ ಎಂದು ನೋಡಬೇಕು. ಕೆಲವು ಸಿದ್ಧ ಬೂಟುಗಳನ್ನು ಅಂಗಡಿಯ ಒಲೆಯಲ್ಲಿ ಹದವಾಗಿ ಕಾಯಿಸಿ, ಮೆತ್ತಗಿರುವಾಗಲೇ ಕಾಲಿಗೆ ಹಾಕಿಸಿ, ಪಾದದ ಆಕಾರಕ್ಕೆ ಕೂರಿಸುವುದುಂಟು. ಅಂತಹದು ಸಿಕ್ಕಿದರೆ ಹೇಳಿ ಮಾಡಿಸಿದುದರ ಅರ್ಧ ಸುಖವು ಅಲ್ಪ ಖರ್ಚಿನಲ್ಲಿ ದೊರೆತಂತೆ. ಆದರೆ ಇದನ್ನು ತಿಳಿದವರೇ ಮಾಡಬೇಕು. ಅಡಿಗೆಮನೆಯಲ್ಲಿ ಪ್ರಯೋಗ ಬೇಡ.

ಬೆಳವಣಿಗೆಗೆಂದು ಬಿಡುವ ಜಾಗವು ಅರ್ಧ ಅಳತೆಯನ್ನು ಮೀರಬಾರದು. ಉಳಿತಾಯವನ್ನು ಬೇರೆ ಕಡೆ ಹುಡುಕಬೇಕು: ಚೆನ್ನಾಗಿರುವ ಸಿದ್ಧ ಬೂಟನ್ನು ಒಬ್ಬರಾದ ಮೇಲೆ ಒಬ್ಬರು ಮಕ್ಕಳು ಬಳಸಬಹುದು, ನಾಲ್ಕು ತಿಂಗಳಿಗೊಮ್ಮೆ ಪಾದವನ್ನು ಅಳೆದು ಬದಲಾಯಿಸಿಕೊಳ್ಳಬಹುದು.

ಹಾಗೆಯೇ ಆಯಿತು. ನಾವು ಮೊದಲು ಕೊಂಡ ದೊಡ್ಡ ಬೂಟು ಅದೇ ಅಂಕಣದಲ್ಲಿ ಆಡುವ ಹನ್ನೊಂದು ವರ್ಷದ ಒಬ್ಬ ಹುಡುಗನ ಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು, ಅವನಿಗೆ ಕೊಟ್ಟೆವು. ನಮ್ಮ ಮೊಮ್ಮಗಳಿಗೆ ಚೀಟಿಯ ಅಳತೆಗೆ ಸರಿಯಾದ ಸಿದ್ಧ ಬೂಟೊಂದು ನಾಲ್ಕನೆಯ ಅಂಗಡಿಯಲ್ಲಿ, ಏಳನೆಯ ಸಲ ಹಾಕಿ ನೋಡಿದಾಗ ಸಿಕ್ಕಿತು. ಆರು ಜೊತೆಗಳಿಗೂ ಅವಳು "ಪರವಾಗಿಲ್ಲ ತಾತ" ಎಂದಿದ್ದಳು. ಏಳನೆಯದಕ್ಕೆ ಮಾತೇ ಆಡದೆ ಅಂಗಡಿಯ ನೆಲದ ಮೇಲೆ ಒಂದು ಸುತ್ತು ಹೊಡೆದು ಬಂದಳು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಮನೆಯ ಖರ್ಚಿನ ವಿಷಯದಲ್ಲಿ ಇಂದಿಗೂ ಬಿಟ್ಟಿಲ್ಲ. ಪಾದುಕೆಯ ವಿಷಯದಲ್ಲಿ ಮಾತ್ರ ಕಾಲು ಇದ್ದಷ್ಟೇ ಹಾಸಿಗೆಯಿರಬೇಕು. ಪ್ರತಿ ನಾಲ್ಕನೆಯ ತಿಂಗಳ ಮೊದಲ ಭಾನುವಾರ ಸಂಜೆ ನಮ್ಮ ಹಜಾರದ ಗೋಡೆಯ ಬಳಿ ಕಾಗದವನ್ನು ಹಾಸಿ ಪಾದವನ್ನು ಅಳೆಯುತ್ತೇವೆ. ಆಗ "ನೋಯುತ್ತದೆಯೇ?" ಎಂದು ಕೇಳುವುದಿಲ್ಲ, "ಎಲ್ಲಿ ನೋಯುತ್ತದೆ?" ಎಂದು ಕೇಳುತ್ತೇವೆ. ಹಿರಿಯರ ಮನಸ್ಸನ್ನು ನೋಯಿಸಲಾರದ ಮಕ್ಕಳು ಮೊದಲನೆಯ ಪ್ರಶ್ನೆಗೆ ಸುಳ್ಳು ಹೇಳಿಯಾರು. ಎರಡನೆಯದಕ್ಕೆ ಬೆರಳು ತೋರಿಸುತ್ತಾರೆ.