ಕೇಸರಿ ಹೂವಿನ ಕಿಣ್ವಗಳು ಹಾಲಿನ ಲೋಟಕ್ಕೆ ಬರುತ್ತವೆಯೇ?

‘ಕೇಸರಿಯಲ್ಲಿ ಆಂಟಿಆಕ್ಸಿಡೆಂಟ್ ಕಿಣ್ವಗಳಿವೆ. ಗರ್ಭಿಣಿಯರು ಬಿಸಿ ಹಾಲಿಗೆ ಹಾಕಿ ಕುಡಿದರೆ ರಕ್ತ ಶುದ್ಧವಾಗಿ ಮಗು ಬೆಳ್ಳಗೆ ಹುಟ್ಟುತ್ತದೆ.’ ಇಂಥದ್ದೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಿಣ್ವಗಳ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅವು ಕೆಲಸ ಮಾಡುವುದು ಬೆಳೆಯುತ್ತಿರುವ ಹೂವಿನಲ್ಲಿ, ನಿಮ್ಮ ಲೋಟದಲ್ಲಲ್ಲ.

ಕಾಶ್ಮೀರದ ಪಾಂಪೋರ್‌ನಲ್ಲಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೇಸರಿ ಹೂ ಬಿಡುತ್ತದೆ. ಮಣ್ಣೊಳಗಿನ ಗೆಡ್ಡೆಯಲ್ಲಿ ಮೂಡಿದ ಮೊಗ್ಗು ಮೇಲೆದ್ದು ಅರಳುವಾಗ ಅದರ ಜೀವಕೋಶಗಳಿಗೆ ಬಿಡುವಿಲ್ಲದ ಕೆಲಸ. ಅವು ಉಸಿರಾಡಿದಷ್ಟೂ ಸೂಪರ್‌ಆಕ್ಸೈಡ್ ಎಂಬ ಉಪದ್ರವಕಾರಿ ಕಣಗಳು ಹುಟ್ಟುತ್ತವೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಇವನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಅದೂ ಹಾಗೇ ಉಳಿದರೆ ಅಪಾಯವೇ. ಆಗ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಒಡೆದು ನೀರು, ಆಮ್ಲಜನಕ ಮಾಡುತ್ತದೆ. ದಳದಲ್ಲಿ, ಶಲಾಕಾಗ್ರದಲ್ಲಿ, ಮೊಗ್ಗಿನಲ್ಲಿ, ಅರಳಿದ ಹೂವಿನಲ್ಲಿ ಈ ಕಿಣ್ವಗಳ ಚಟುವಟಿಕೆ ಒಂದೇ ಸಮ ಇರುವುದಿಲ್ಲ.

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ಸನೆ ನೊರೆ ಬರುವುದನ್ನು ನೋಡಿದ್ದೀರಲ್ಲ? ಅದು ನಮ್ಮದೇ ರಕ್ತದಲ್ಲಿರುವ ಕ್ಯಾಟಲೇಸ್ ಕೆಲಸ. ಅಂದರೆ ಇದನ್ನು ಹೂವಿನಿಂದ ಕಡ ತರಬೇಕಿಲ್ಲ.

ತರಲು ಆಗುವುದೂ ಇಲ್ಲ. ಕಿಣ್ವಗಳು ಪ್ರೋಟೀನುಗಳು. ಕುದಿಯುವ ನೀರಿನಲ್ಲಿ ಮೊಟ್ಟೆ ಗಟ್ಟಿಯಾಗುವಂತೆ, ಬಿಸಿ ತಾಗಿದರೆ ಇವುಗಳ ರೂಪ ಕೆಡುತ್ತದೆ. ಎಳೆಗಳನ್ನು ಒಣಗಿಸುವಾಗ, ಹಾಲು ಕುದಿಯುವಾಗ ಪಾರಾದ ಅಷ್ಟಿಷ್ಟನ್ನು ಹೊಟ್ಟೆ ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ. ಹಾಲಿಗೆ ಬಣ್ಣ ಕೊಡುವುದು ಕ್ರೋಸಿನ್. ಅದಕ್ಕೂ ಆಂಟಿಆಕ್ಸಿಡೆಂಟ್ ಗುಣವಿದೆ, ಆದರೆ ಅದು ಕಿಣ್ವವಲ್ಲ, ಬರಿಯ ವರ್ಣದ್ರವ್ಯ. ಮಗುವಿನ ಮೈಬಣ್ಣವನ್ನು ಅದು ಮುಟ್ಟುವುದೂ ಇಲ್ಲ. ಚರ್ಮದಲ್ಲಿ ಎಷ್ಟು ಮೆಲನಿನ್ ಇರಬೇಕೆಂಬುದು ಅಪ್ಪ-ಅಮ್ಮನಿಂದ ಬಂದ ಜೀನ್‌ಗಳ ಲೆಕ್ಕ. (ಕಪ್ಪಗೆ ಹುಟ್ಟಿದರೆ ಏನಂತೆ ಎಂದು ಯಾರೂ ಫಾರ್ವರ್ಡ್ ಮಾಡುವುದಿಲ್ಲ!)

ಅಡುಗೆಯಲ್ಲಿ ಎರಡು-ಮೂರು ಎಳೆ ಹಾಕಿದರೆ ತೊಂದರೆಯಿಲ್ಲ. ‘ಹೆಚ್ಚು ಹಾಕಿದಷ್ಟೂ ಒಳ್ಳೆಯದು’ ಎನ್ನುವುದೇ ಅಪಾಯ. ಅತಿಯಾದರೆ ಗರ್ಭಕೋಶ ಸಂಕುಚಿಸಬಹುದು. 5 ಗ್ರಾಂ ದಾಟಿದರೆ ಯಾರಿಗೇ ಆದರೂ ವಿಷವಾಗಬಹುದು. ಬಸುರಿಯರು ಔಷಧದಂತೆ ದಿನವೂ ತೆಗೆದುಕೊಳ್ಳುವ ಮೊದಲು ಡಾಕ್ಟರನ್ನು ಕೇಳಲಿ.

ಒಂದು ಕಿಲೋಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ಹಾಗಾಗಿ ಬಣ್ಣ ಹಚ್ಚಿದ ಜೋಳದ ತೆನೆಯ ರೇಷ್ಮೆಯೂ ಕೇಸರಿಯ ಹೆಸರಲ್ಲಿ ಮಾರಾಟವಾಗುತ್ತದೆ. ತಣ್ಣೀರಿಗೆ ಒಂದು ಎಳೆ ಹಾಕಿ ನೋಡಿ: ಅಸಲಿಯಾದರೆ ಹಳದಿ ನಿಧಾನಕ್ಕೆ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬಿಳುಚಿಕೊಂಡರೆ, ನೀವು ಕೊಂಡದ್ದು ಬಣ್ಣವನ್ನು.